ಹಂದಿಬೇಟೆಯ ಯೋಜನೆ ಯಾರ ಹಿತಕ್ಕೆ?

ಭತ್ತ ಹಾಲುಗಟ್ಟುವ ಕಾಲ ಬಂತೆಂದರೆ ಮಲೆನಾಡಿನ ಊರೂರುಗಳಲ್ಲಿ ಒಂದೇ ಮಾತು. ಸಂಜೆ ತೆನೆ ತೂಗಿ ನಿಂತಿದ್ದ ಗದ್ದೆ ಬೆಳಗಾಗುವಷ್ಟರಲ್ಲಿ ಉತ್ತು ಬಿಟ್ಟ ಹೊಲದಂತೆ ಕಾಣುತ್ತದೆ. ಗೆಣಸಿನ ಏರಿ, ಬಾಳೆಯ ಬುಡ, ತೋಟದಂಚಿನ ಎಳೆಯ ಸಸಿ, ಹಂದಿಯ ಮೂತಿ ಯಾವುದನ್ನೂ ಬಿಡುವುದಿಲ್ಲ. ವರ್ಷದ ಅನ್ನವನ್ನು ಒಂದೇ ಇರುಳಿನಲ್ಲಿ ಕಳೆದುಕೊಂಡ ರೈತನ ಎದುರು ನಿಂತು ವನ್ಯಜೀವಿಗಳ ಮಹತ್ವವನ್ನು ಉಪದೇಶಿಸುವುದು ಸುಲಭದ ಕೆಲಸವೂ ಅಲ್ಲ, ನ್ಯಾಯದ ಕೆಲಸವೂ ಅಲ್ಲ. ಈ ಸಂಪಾದಕೀಯವನ್ನು ಅಂಥ ಉಪದೇಶಕ್ಕಾಗಿ ಬರೆಯುತ್ತಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಬೆಳೆಹಾನಿಯ ಈ ಮಾತಿನ ಬೆನ್ನಿಗೇ ಇನ್ನೊಂದು ಮಾತು ಕೇಳಿಬರುತ್ತಿದೆ. ಅಮೆರಿಕದ ದಕ್ಷಿಣ ರಾಜ್ಯಗಳ ಜೌಗುನೆಲಗಳಲ್ಲಿ ಹತ್ತಾರು ಜನ ಗುಂಪುಗೂಡಿ ಕಾಡುಹಂದಿಗಳನ್ನು ಬೇಟೆಯಾಡುವ ದೃಶ್ಯಗಳು ನಮ್ಮ ಯುವಕರ ಮೊಬೈಲ್ ಪರದೆಗಳಲ್ಲಿ ಹರಿದಾಡುತ್ತಿವೆ. ತಿಂಗಳ ಮೊದಲೇ ಹೂಡಿದ ಯೋಜನೆ, ತರಬೇತಾದ ನಾಯಿಗಳು, ಕೆಸರಿನಲ್ಲೂ ಓಡುವ ವಾಹನ, ಕೊನೆಗೆ ಸಾಲಾಗಿ ಮಲಗಿಸಿದ ಹಂದಿಗಳ ಹಿಂದೆ ನಿಂತ ನಗುಮುಖಗಳು. ಇದನ್ನು ನೋಡಿದವರು ಕೇಳುತ್ತಾರೆ: “ಅಲ್ಲಿ ಸರಕಾರವೇ ಬೇಟೆಗೆ ಬಿಟ್ಟಿದೆ. ನಮ್ಮ ಕೈಯನ್ನು ಮಾತ್ರ ಏಕೆ ಕಟ್ಟಿಹಾಕಿದ್ದಾರೆ? ನಾವೂ ಒಂದು ತಂಡ ಕಟ್ಟಿ, ಜಡ್ಡಿಗೆ ನುಗ್ಗಿ, ಹಂದಿಗಳನ್ನು ಮುಗಿಸಿದರೆ ಗದ್ದೆ ಉಳಿಯುವುದಿಲ್ಲವೇ?”

ಇದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಆದರೆ ಪರದೇಶದ ಉದಾಹರಣೆಯನ್ನು ಕೊಡುವವರು ಅದನ್ನು ಪೂರ್ತಿಯಾಗಿ ಕೊಡಬೇಕು. ಬೇಟೆ ಮುಗಿದ ಮೇಲೆ ಆ ಜೌಗಿನಲ್ಲಿ ಏನಾಯಿತು, ಹಂದಿಗಳು ಕಡಿಮೆಯಾದವೇ, ಅಲ್ಲಿನ ರೈತನ ಬೆಳೆ ಉಳಿಯಿತೇ ಎಂಬುದು ಪರದೆಯ ಮೇಲೆ ಬರುವುದಿಲ್ಲ. ಅದನ್ನು ಇಲ್ಲಿ ವಿಚಾರಿಸುವುದು ನಮ್ಮ ಉದ್ದೇಶ.

ಅಮೆರಿಕದ ಹಂದಿಯ ಕತೆ

ಮೊದಲು ಅರಿಯಬೇಕಾದ ಸಂಗತಿಯೆಂದರೆ ಅಮೆರಿಕ ಖಂಡದಲ್ಲಿ ಈ ಹಂದಿ ಮೂಲನಿವಾಸಿಯಲ್ಲ. 1493ರಲ್ಲಿ ಕೊಲಂಬಸನ ಎರಡನೆಯ ಯಾನದ ಹಡಗುಗಳಲ್ಲಿ ಹಂದಿಗಳು ಕೆರಿಬಿಯನ್ ದ್ವೀಪಗಳಿಗೆ ಬಂದವು. 1539ರಲ್ಲಿ ಹೆರ್ನಾಂಡೊ ಡಿ ಸೋಟೊ ಎಂಬ ಸ್ಪೇನಿನ ದಂಡನಾಯಕ ಫ್ಲಾರಿಡಾದ ಕರಾವಳಿಯಲ್ಲಿ ಇಳಿದಾಗ, ತನ್ನ ಸೈನ್ಯಕ್ಕೆ ನಡೆದಾಡುವ ಉಗ್ರಾಣವಾಗಿ ಹಂದಿಗಳನ್ನು ಜೊತೆಗೆ ತಂದಿದ್ದ. ತಪ್ಪಿಸಿಕೊಂಡವು ಕಾಡು ಸೇರಿದವು. ಮುಂದಿನ ಶತಮಾನಗಳಲ್ಲಿ ನೆಲೆನಿಂತ ವಲಸಿಗರೂ ಸಾಕುಹಂದಿಗಳನ್ನು ಕಾಡಿಗೆ ಮೇಯಬಿಟ್ಟು, ಬೇಕೆನಿಸಿದಾಗ ಹಿಡಿದು ತರುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಇದು ಸಾಲದೆಂಬಂತೆ 1912ರಲ್ಲಿ ಉತ್ತರ ಕೆರೊಲಿನಾದ ಬೆಟ್ಟವೊಂದರ ಮೇಲೆ ಶ್ರೀಮಂತರ ಮೋಜಿನ ಬೇಟೆಗೆಂದೇ ಯುರೋಪಿನ ಕಾಡುಹಂದಿಗಳನ್ನು ತಂದು ಬೇಲಿಯೊಳಗೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಅವು ಬೇಲಿ ಮುರಿದು ಹೊರಬಿದ್ದು ನಾಡಹಂದಿಗಳೊಡನೆ ಬೆರೆತವು.

ಬೆವರಲು ಬಾರದ ಪ್ರಾಣಿಗೆ ಕೆಸರೇ ತಂಪು. ಫ್ಲಾರಿಡಾ, ಜಾರ್ಜಿಯಾ, ಲೂಯಿಸಿಯಾನಾಗಳ ಜೌಗುಗಳಲ್ಲಿ ಅದಕ್ಕೆ ನೀರು ಸಿಕ್ಕಿತು, ಅಡಗುದಾಣ ಸಿಕ್ಕಿತು, ಓಕ್ ಮರಗಳ ಉದುರುಗಾಯಿ ಸಿಕ್ಕಿತು. ತೋಳಗಳನ್ನು ಮನುಷ್ಯ ಮೊದಲೇ ಅಳಿಸಿಹಾಕಿದ್ದ. ಹಂದಿಯನ್ನು ಹಿಡಿಯಬಲ್ಲ ಪ್ಯಾಂಥರ್ ಎಂಬ ದೊಡ್ಡ ಬೆಕ್ಕು ಫ್ಲಾರಿಡಾದ ದಕ್ಷಿಣ ತುದಿಯಲ್ಲಿ ಮಾತ್ರ ಉಳಿಯಿತು. ಇಂದು ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಕಾಡುಬಿದ್ದ ಹಂದಿಗಳಿವೆ. ಅವುಗಳ ಸಂಖ್ಯೆ 60 ಲಕ್ಷವನ್ನು ಮೀರಿದೆ ಎಂದು ಅಲ್ಲಿನ ಕೃಷಿ ಇಲಾಖೆಯೇ ಅಂದಾಜಿಸಿದೆ. ಫ್ಲಾರಿಡಾದ 67 ಜಿಲ್ಲೆಗಳಲ್ಲಿ ಒಂದೂ ಹಂದಿಯಿಂದ ಮುಕ್ತವಾಗಿಲ್ಲ. ಜೌಗಿನ ನೆಲವನ್ನು ಅಗೆದು ಬಗ್ಗಡವೆಬ್ಬಿಸಿ, ಅಪರೂಪದ ಸಸ್ಯಗಳ ಬೇರು ಕಿತ್ತು, ಕಡಲಾಮೆಗಳ ಮೊಟ್ಟೆಗಳನ್ನು ಅಗೆದು ತಿನ್ನುವ ಈ ಪ್ರಾಣಿಯನ್ನು ಅಲ್ಲಿನ ಪರಿಸರವಾದಿಗಳೂ ನಿಯಂತ್ರಿಸಬೇಕೆಂದೇ ಹೇಳುತ್ತಾರೆ. ಅಂದರೆ ಹಂದಿಬೇಟೆಗೆ ಪರಿಸರದ ಹೆಸರಿನಲ್ಲಿಯೇ ಸಮರ್ಥನೆ ದೊರೆಯುವ ನಾಡು ಯಾವುದಾದರೂ ಇದ್ದರೆ ಅದು ಅಮೆರಿಕ. ಆದ್ದರಿಂದಲೇ ಅಲ್ಲಿನ ಅನುಭವ ನಮಗೆ ಒಳ್ಳೆಯ ಪರೀಕ್ಷೆ.

ಯೋಜನೆಯ ಅಚ್ಚುಕಟ್ಟು

ಜೌಗಿನ ಬೇಟೆಗೆ ಅಲ್ಲಿನವರು ಮಾಡಿಕೊಳ್ಳುವ ಸಿದ್ಧತೆಯನ್ನು ಹಗುರವಾಗಿ ಕಾಣಬೇಕಿಲ್ಲ. ಮೊದಲನೆಯದು ಅನುಮತಿ. ಫ್ಲಾರಿಡಾದ ಖಾಸಗಿ ಜಮೀನಿನಲ್ಲಿ ಒಡೆಯನ ಒಪ್ಪಿಗೆಯಿದ್ದರೆ ವರ್ಷವಿಡೀ ಹಂದಿಯನ್ನು ಹೊಡೆಯಬಹುದು. ಸರಕಾರಿ ವನ್ಯಪ್ರದೇಶಗಳಲ್ಲಿ ಪ್ರತಿಯೊಂದಕ್ಕೂ ಬೇರೆಯ ದಿನ, ಬೇರೆಯ ಆಯುಧ, ಬೇರೆಯ ನಿಯಮ. ಬಿಗ್ ಸೈಪ್ರೆಸ್ ಎಂಬ ವಿಶಾಲ ಜೌಗುಪ್ರದೇಶದಲ್ಲಿ ಪರವಾನಗಿ ಪಡೆದು ಬೇಟೆಯಾಡಬಹುದು. ಅದಕ್ಕೆ ಅಂಟಿಕೊಂಡಿರುವ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆ ನಿಷಿದ್ಧ. ದಕ್ಷಿಣ ಕೆರೊಲಿನಾದ ಕಾಂಗರೀ ರಾಷ್ಟ್ರೀಯ ಉದ್ಯಾನದ ನೆರೆಬಯಲ ಕಾಡನ್ನು ಹಂದಿಗಳು ಅಗೆದು ಹಾಕುತ್ತಿದ್ದರೂ ಅಲ್ಲಿ ಸಾರ್ವಜನಿಕರ ಬೇಟೆಗೆ ಅವಕಾಶವಿಲ್ಲ. “ಅಮೆರಿಕದಲ್ಲಿ ಯಾರು ಎಲ್ಲಿ ಬೇಕಾದರೂ ಹೊಡೆಯಬಹುದು” ಎಂಬ ಮಾತು ನಿಜವಲ್ಲ.

ಎರಡನೆಯದು ನೀರಿನ ಲೆಕ್ಕ. ನೀರೇರಿದಾಗ ಹಂದಿಗಳು ದಿಬ್ಬಗಳಿಗೆ ಸರಿಯುತ್ತವೆ, ಇಳಿದಾಗ ಚದುರುತ್ತವೆ. ಸೊಂಟದ ತನಕದ ಬೂಟು, ದಿಕ್ಸೂಚಿ, ಕುಡಿಯುವ ನೀರು, ಹಾವು ಕಚ್ಚಿದರೆ ಸಾಗಿಸುವ ದಾರಿ, ಮೊಸಳೆಜಾತಿಯ ಆಲಿಗೇಟರ್‌ಗಳಿರುವ ಮಡುವನ್ನು ಬಳಸಿ ಹೋಗುವ ಎಚ್ಚರ, ಇವೆಲ್ಲ ಮೊದಲೇ ತೀರ್ಮಾನವಾಗುತ್ತವೆ. ಮೂರನೆಯದು ಮನುಷ್ಯರ ಸುರಕ್ಷತೆ. ಗುಂಪಿಗೆ ಒಬ್ಬನೇ ನಾಯಕ. ಯಾರು ಎಲ್ಲಿ ನಿಲ್ಲಬೇಕು, ಯಾವ ದಿಕ್ಕಿಗೆ ಮಾತ್ರ ಗುಂಡು ಹಾರಿಸಬೇಕು ಎಂಬುದು ನಿಶ್ಚಿತ. ದೂರದಿಂದಲೇ ಮನುಷ್ಯನೆಂದು ಗುರುತು ಸಿಗುವ ಕಿತ್ತಳೆ ಬಣ್ಣದ ಅಂಗಿ. ನಾಲ್ಕನೆಯದು ರೋಗದ ಎಚ್ಚರ. ಹಂದಿಯ ರಕ್ತದಿಂದ ಬ್ರುಸೆಲ್ಲೋಸಿಸ್ ಎಂಬ ಬಿಟ್ಟುಬಿಟ್ಟು ಬರುವ ಜ್ವರ ಬೇಟೆಗಾರರಿಗೆ ಅಂಟಿದ ಪ್ರಕರಣಗಳು ಅಲ್ಲಿ ದಾಖಲಾಗಿವೆ. ಹಂದಿಗಳಿಂದ ಅಂಟುವ ಇನ್ನೊಂದು ವೈರಸ್ ಬೇಟೆನಾಯಿಗಳನ್ನು ಕೊಲ್ಲುತ್ತದೆ. ಆದುದರಿಂದ ಕೈಗವಸಿಲ್ಲದೆ ಹಂದಿಯನ್ನು ಕೊಯ್ಯಬಾರದೆಂದು ಅಲ್ಲಿನ ಆರೋಗ್ಯ ಇಲಾಖೆಗಳು ಸಾರಿ ಹೇಳುತ್ತವೆ.

ಇಷ್ಟು ಅಚ್ಚುಕಟ್ಟಾಗಿ ಯೋಜಿಸಿ, ಇಷ್ಟು ಹಣ ಸುರಿದು, ಇಷ್ಟು ಕೋವಿಗಳನ್ನು ಹಿಡಿದು ಹೊರಟವರ ನಾಡಿನಲ್ಲಿ ಹಂದಿಗಳು ಕಡಿಮೆಯಾಗಬೇಕಿತ್ತಲ್ಲವೇ? ಆದುದು ಬೇರೆ.

ಬೇಟೆ ಹೆಚ್ಚಿದಲ್ಲಿ ಹಂದಿಯೂ ಹೆಚ್ಚಿತು

ಟೆನೆಸೀ ರಾಜ್ಯದ ಅನುಭವವನ್ನು ಪ್ರತಿಯೊಬ್ಬರೂ ತಿಳಿಯಬೇಕು. 1999ರಲ್ಲಿ ಅಲ್ಲಿನ ವನ್ಯಜೀವಿ ಇಲಾಖೆ ಹಂದಿಗಳನ್ನು ಹತೋಟಿಗೆ ತರಲೆಂದು ರಾಜ್ಯದಾದ್ಯಂತ ಸಂಖ್ಯೆಯ ಮಿತಿಯಿಲ್ಲದೆ ಬೇಟೆಗೆ ಅವಕಾಶ ಕೊಟ್ಟಿತು. ಹಂದಿಗಳು ಅತಿ ವೇಗವಾಗಿ ಹರಡಿದ್ದು ಆ ಅವಧಿಯಲ್ಲಿಯೇ ಎಂದು ಮುಂದೆ ಅದೇ ಇಲಾಖೆ ಹೇಳಬೇಕಾಯಿತು. ಕೆಲವೇ ಜಿಲ್ಲೆಗಳಲ್ಲಿದ್ದ ಹಂದಿ 95 ಜಿಲ್ಲೆಗಳ ಪೈಕಿ ಸುಮಾರು 80ರಲ್ಲಿ ಕಾಣಿಸಿಕೊಂಡಿತು. ಕಾರಣ ಸರಳ: ಬೇಟೆಯ ರುಚಿ ಹತ್ತಿದವರು ತಮ್ಮ ಊರಿನ ಹತ್ತಿರವೂ ಬೇಟೆ ಸಿಗಲೆಂದು ಹಂದಿಗಳನ್ನು ಲಾರಿಯಲ್ಲಿ ತಂದು ಕದ್ದು ಬಿಟ್ಟರು. 2011ರಲ್ಲಿ ಆ ರಾಜ್ಯ ಮೋಜಿನ ಹಂದಿಬೇಟೆಯನ್ನು ನಿಲ್ಲಿಸಿ, ರೈತರು ತಮ್ಮ ಜಮೀನಿನಲ್ಲಿ ಹಂದಿಯನ್ನು ನಿವಾರಿಸಿಕೊಳ್ಳುವುದಕ್ಕೆ ಮಾತ್ರ ಅವಕಾಶ ಉಳಿಸಿತು.

ಕ್ಯಾನ್ಸಸ್ ರಾಜ್ಯ ಈ ಪಾಠವನ್ನು ಮೊದಲೇ ಕಲಿತು 2006ರಲ್ಲಿಯೇ ಮೋಜಿನ ಬೇಟೆಯನ್ನು ನಿಷೇಧಿಸಿತ್ತು. ನೆರೆಯ ಒಕ್ಲಹಾಮಕ್ಕೆ ಹೋಲಿಸಿದರೆ ಅಲ್ಲಿ ಇಂದಿಗೂ ಹಂದಿಯ ಕಾಟ ತೀರ ಕಡಿಮೆ. ಮಿಸ್ಸೂರಿಯ ಸಂರಕ್ಷಣಾ ಇಲಾಖೆ 2016ರಲ್ಲಿ ತನ್ನ ವಶದ ಜಮೀನುಗಳಲ್ಲಿ ಹಂದಿಬೇಟೆಯನ್ನು ನಿಲ್ಲಿಸಿತು. ಇದಕ್ಕೆ ವಿರುದ್ಧವಾಗಿ ಟೆಕ್ಸಸ್ ರಾಜ್ಯ 2011ರಲ್ಲಿ ಹೆಲಿಕಾಪ್ಟರಿನಿಂದ ಹಂದಿ ಹೊಡೆಯುವುದನ್ನೂ 2017ರಲ್ಲಿ ಬಿಸಿಗಾಳಿಯ ಬಲೂನಿನಿಂದ ಹೊಡೆಯುವುದನ್ನೂ ಕಾನೂನುಬದ್ಧಗೊಳಿಸಿತು. ಅಮೆರಿಕದಲ್ಲಿ ಅತಿ ಹೆಚ್ಚು ಕಾಡುಹಂದಿಗಳಿರುವ ರಾಜ್ಯವೆಂಬ ಹೆಸರು ಈಗಲೂ ಟೆಕ್ಸಸ್ಸಿನದೇ.

ಏಕೆ ಹೀಗೆ? ಹಂದಿಯ ಬದುಕಿನ ಲೆಕ್ಕ ತಿಳಿದರೆ ಉತ್ತರ ಸಿಗುತ್ತದೆ. ಹೆಣ್ಣುಹಂದಿ ವರ್ಷ ತುಂಬುವ ಮೊದಲೇ ಬೆದೆಗೆ ಬರಬಲ್ಲದು. ಗರ್ಭಕಾಲ ಸುಮಾರು 115 ದಿನ. ಒಂದು ಸೂಲಿಗೆ ನಾಲ್ಕಾರು ಮರಿ, ಆಹಾರ ಚೆನ್ನಾಗಿದ್ದರೆ ಇನ್ನೂ ಹೆಚ್ಚು. ಹೀಗಾಗಿ ಅಲ್ಲಿ ಹಂದಿಗಳ ಸಂಖ್ಯೆ ಇದ್ದಷ್ಟೇ ಇರಬೇಕಾದರೂ ಪ್ರತಿ ವರ್ಷ ಸರಿಸುಮಾರು ಮೂರನೇ ಎರಡರಷ್ಟನ್ನು ತೆಗೆಯಬೇಕಾಗುತ್ತದೆಂದು ಟೆಕ್ಸಸ್ಸಿನ ಅಧ್ಯಯನಕಾರರು ಲೆಕ್ಕ ಹಾಕಿದ್ದಾರೆ. ವಾರದ ಕೊನೆಗೆ ಗುಂಪುಕಟ್ಟಿ ಬರುವ ಬೇಟೆಗಾರರು ಅದರ ಹತ್ತಿರಕ್ಕೂ ಬರಲಾರರು. ಅವರ ಕಣ್ಣು ಇರುವುದು ಕೋರೆ ಬೆಳೆದ ದೊಡ್ಡ ಗಂಡುಹಂದಿಯ ಮೇಲೆ. ಸಂತತಿಯನ್ನು ಬೆಳೆಸುವ ಹೆಣ್ಣುಗಳೂ ಮರಿಗಳೂ ಮೊದಲ ಈಡಿನ ಸದ್ದಿಗೇ ಚದುರಿ, ಹೊಸ ಜಾಗ ಹುಡುಕಿ, ರಾತ್ರಿಸಂಚಾರಿಗಳಾಗಿ, ಮುಂದಿನ ಸಲ ಯಾರ ಕೈಗೂ ಸಿಗದಂತೆ ಪಳಗುತ್ತವೆ. ಒಂದು ಜಮೀನಿನಲ್ಲಿದ್ದ ಹಿಂಡು ನಾಲ್ಕು ಜಮೀನುಗಳಿಗೆ ಹಂಚಿಹೋಗುತ್ತದೆ.

ಆದುದರಿಂದಲೇ 2014ರಲ್ಲಿ ಅಮೆರಿಕದ ಕೃಷಿ ಇಲಾಖೆ ಎರಡು ಕೋಟಿ ಡಾಲರ್ ವೆಚ್ಚದಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದಾಗ ಬೇಟೆತಂಡಗಳ ಮೇಲೆ ಭಾರ ಹಾಕಲಿಲ್ಲ. ವಾರಗಟ್ಟಲೆ ಮೇವು ಇಟ್ಟು, ಇಡೀ ಹಿಂಡು ನಂಬಿ ಒಳಬರುವ ತನಕ ಕಾದು, ಒಂದೂ ತಪ್ಪಿಸಿಕೊಳ್ಳದಂತೆ ದೊಡ್ಡ ದೊಡ್ಡಿಯ ಬಾಗಿಲನ್ನು ಬೀಳಿಸುವ ವಿಧಾನಕ್ಕೆ ಪ್ರಾಶಸ್ತ್ಯ ಕೊಟ್ಟಿತು. ಅಲ್ಲಿ ಸಾಹಸವಿಲ್ಲ, ಫೋಟೋ ಇಲ್ಲ, ಹೇಳಿಕೊಳ್ಳಲು ಕತೆಯಿಲ್ಲ. ಬೇಟೆಯ ಯೋಜನೆ ಬೇಟೆಗಾರನ ಸಂತೋಷಕ್ಕಾಗಿ ಹೂಡಿದ್ದು. ಅದು ಸಫಲವಾಗಬೇಕಾದರೆ ಮುಂದಿನ ವರ್ಷಕ್ಕೂ ಹಂದಿ ಉಳಿದಿರಬೇಕು. ಬೆಳೆರಕ್ಷಣೆಯ ಯೋಜನೆ ರೈತನ ಗದ್ದೆಗಾಗಿ ಹೂಡಿದ್ದು. ಇವೆರಡೂ ಒಂದೇ ಎಂದು ಭಾವಿಸಿದ್ದೇ ಅಮೆರಿಕ ಎಡವಿದ ಜಾಗ.

ನಮ್ಮ ಜಡ್ಡಿ, ನಮ್ಮ ಹಂದಿ

ಈಗ ನಮ್ಮ ಬೆಟ್ಟಗಳಿಗೆ ಬರೋಣ. ಶಾಸ್ತ್ರದ ಪ್ರಕಾರ ಎರಡೂ ಕಡೆಯ ಹಂದಿ ಒಂದೇ ಪ್ರಭೇದ. ಆದರೆ ಅಲ್ಲಿ ಅದು ಹಡಗಿನಲ್ಲಿ ಬಂದಿಳಿದ ಪರಕೀಯ. ಇಲ್ಲಿ ನಮ್ಮ ಕಾನುಗಳ ಹಳೆಯ ನಿವಾಸಿ. ಹುಲಿ, ಚಿರತೆ, ಸೀಳುನಾಯಿಗಳ ಆಹಾರದಲ್ಲಿ ಅದಕ್ಕೊಂದು ಸ್ಥಾನವಿದೆ. ಕಾಡಿನೊಳಗಿನ ಹಂದಿ ಕಡಿಮೆಯಾದರೆ ಚಿರತೆ ಕೊಟ್ಟಿಗೆಯ ಕರುವನ್ನೂ ಅಂಗಳದ ನಾಯಿಯನ್ನೂ ಹುಡುಕಿಕೊಂಡು ಬರುತ್ತದೆ. ಒಂದು ತೊಂದರೆಯನ್ನು ನೀಗಲು ಹೋಗಿ ಇನ್ನೊಂದನ್ನು ಮನೆಗೆ ಕರೆದಂತಾಗುತ್ತದೆ.

ಇನ್ನು ಜಡ್ಡಿ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆಗಳಲ್ಲಿ ಉಳಿದಿರುವ ರಾಮಪತ್ರೆ ಜಡ್ಡಿಗಳು ಪಶ್ಚಿಮಘಟ್ಟದ ಅತಿ ಪುರಾತನ ಕಾಡಿನ ತುಣುಕುಗಳು. ವರ್ಷವಿಡೀ ನೀರು ನಿಂತ ನೆಲದಲ್ಲಿ ಊರುಗೋಲಿನಂಥ ಬೇರುಗಳ ಮೇಲೆ ಮರಗಳು ನಿಂತಿರುತ್ತವೆ. ಉಸಿರಾಡಲೆಂದು ಮಂಡಿಯಂತೆ ಬಾಗಿದ ಬೇರುಗಳು ಕೆಸರಿನಿಂದ ಮೇಲೆದ್ದಿರುತ್ತವೆ. ಕತ್ತಲೆಕಾನಿನ ಹೆಸರನ್ನೇ ಹೊತ್ತ, ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರವನ್ನು 2000ದಲ್ಲಿ ಹೊಸ ಪ್ರಭೇದವೆಂದು ವಿಜ್ಞಾನಿಗಳು ವಿವರಿಸಿದರು. ಅದರ ಬೆಳೆದ ಮರಗಳು ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಇವೆ. 2011ರಲ್ಲಿ ಘೋಷಿತವಾದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶಕ್ಕೆ ಈ ಕಾನುಗಳೂ ಸೇರಿದ್ದವು. ಇವು ಕೇವಲ ವಿಜ್ಞಾನಿಗಳ ಕುತೂಹಲದ ವಸ್ತುಗಳಲ್ಲ. ಬೇಸಿಗೆಯಲ್ಲಿ ಕೆಳಗಿನ ಅಡಿಕೆ ತೋಟಗಳಿಗೆ ಇಳಿದುಬರುವ ಹಳ್ಳದ ಹುಟ್ಟು ಎಷ್ಟೋ ಕಡೆ ಇಂಥ ಜಡ್ಡಿಯೊಳಗಿದೆ.

ಇಂಥ ನೆಲದಲ್ಲಿ ಸೋವು ನಡೆಸುವುದೆಂದರೆ ಏನು? ಇಪ್ಪತ್ತು ಮೂವತ್ತು ಜನ ನಾಯಿಗಳೊಡನೆ ಕೂಗುತ್ತ, ಡಬ್ಬಿ ಬಡಿಯುತ್ತ ನುಗ್ಗಬೇಕು. ರಾಮಪತ್ರೆಯ ಬೀಜ ಒಣಗಿದರೆ ಸಾಯುತ್ತದೆ. ಅದು ಒದ್ದೆ ನೆಲಕ್ಕೆ ಬಿದ್ದಲ್ಲಿಯೇ ಮೊಳೆಯುವಂಥದ್ದು. ಆ ಮೊಳಕೆಗಳೇ ಕಾಲ ಕೆಳಗೆ ಹೂತುಹೋಗುತ್ತವೆ. ಮಂಡಿಬೇರಿಗೆ ಕಾಲು ಸಿಕ್ಕಿ ಬಿದ್ದವನ ಕೈಯಲ್ಲಿ ಗುಂಡು ತುಂಬಿದ ಕೋವಿ ಇರುತ್ತದೆ. ಹತ್ತು ಮಾರು ದೂರ ಕಣ್ಣು ಹರಿಯದ ಮುಳ್ಳುಮೆಳೆಗಳ ನಡುವೆ ಅಲುಗಿದ್ದೆಲ್ಲ ಹಂದಿಯಾಗಿ ಕಾಣುತ್ತದೆ. ಹಂದಿಯೆಂದು ತಿಳಿದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ನಮ್ಮ ಜಿಲ್ಲೆಗಳ ಪತ್ರಿಕೆಗಳಿಗೆ ಹೊಸತಲ್ಲ. ಸತ್ತವನ ಮನೆಯಲ್ಲೂ ಹೊಡೆದವನ ಮನೆಯಲ್ಲೂ ಆ ದಿನ ದೀಪ ಆರುತ್ತದೆ.

ಉರುಳು, ಸಿಡಿಮದ್ದು, ತಂತಿಬೇಲಿಗೆ ಹಾಯಿಸಿದ ಕರೆಂಟು, ಇವು ಇನ್ನೂ ಭೀಕರ. ಏಕೆಂದರೆ ಇವುಗಳಿಗೆ ಕಣ್ಣಿಲ್ಲ. ಹಂದಿಗೆಂದು ಕಟ್ಟಿದ ತಂತಿಯ ಉರುಳಿನಲ್ಲಿ ಚಿರತೆಗಳು ಸಿಕ್ಕಿ ನರಳಿ ಸತ್ತಿವೆ. ಕರೆಂಟಿನ ತಂತಿ ತಗುಲಿ ದನಗಳೂ ಮನುಷ್ಯರೂ ಸತ್ತಿದ್ದಾರೆ. 2020ರ ಮೇ ತಿಂಗಳಿನಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಾಯಿ ಛಿದ್ರವಾದ ಗರ್ಭಿಣಿ ಆನೆಯೊಂದು ಹೊಳೆಯ ನೀರಿನಲ್ಲಿ ನಿಂತು ಪ್ರಾಣಬಿಟ್ಟಿದ್ದು ದೇಶಕ್ಕೆಲ್ಲ ತಿಳಿದಿದೆ. ಆ ಸಿಡಿಮದ್ದನ್ನು ಇಟ್ಟದ್ದು ಕಾಡುಹಂದಿಗಾಗಿ ಎಂಬುದು ತನಿಖೆಯಲ್ಲಿ ಹೊರಬಂದ ಸಂಗತಿ.

ಕಾನೂನು ಏನು ಹೇಳುತ್ತದೆ?

ಯುವಕರು ಇದನ್ನು ಸ್ಪಷ್ಟವಾಗಿ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಂದಿ ಮೊದಲು ಮೂರನೆಯ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಎರಡನೆಯ ಅನುಸೂಚಿಗೆ ಸೇರಿದೆ. ಬೇಟೆ ಎಂಬ ಮಾತಿಗೆ ಕಾಯ್ದೆ ಕೊಡುವ ಅರ್ಥ ವಿಶಾಲವಾದುದು. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ಮೇವಿನ ಆಸೆ ತೋರಿಸುವುದು, ಅಟ್ಟಿಸಿಕೊಂಡು ಬರುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. “ನಾನು ಕೋವಿ ಮುಟ್ಟಲಿಲ್ಲ, ಸೋವಿಗೆ ಮಾತ್ರ ಹೋಗಿದ್ದೆ” ಎಂಬ ಸಮಜಾಯಿಷಿ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಮೂರು ವರ್ಷದ ತನಕ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗಿನ ದಂಡ, ಅಥವಾ ಎರಡೂ. ಅಭಯಾರಣ್ಯ ಇಲ್ಲವೇ ರಾಷ್ಟ್ರೀಯ ಉದ್ಯಾನದೊಳಗಾದರೆ ಕನಿಷ್ಠ ಮೂರು ವರ್ಷದಿಂದ ಏಳು ವರ್ಷದ ತನಕ ಸೆರೆವಾಸ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಯಾಡುವುದಕ್ಕಲ್ಲ.

ಹಾಗೆಂದು ಕಾಯ್ದೆ ರೈತನಿಗೆ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಅದರ 11ನೆಯ ಕಲಂ ಪ್ರಕಾರ, ಮನುಷ್ಯನ ಪ್ರಾಣಕ್ಕಾಗಲಿ ನಿಂತ ಬೆಳೆಯೂ ಸೇರಿದಂತೆ ಆಸ್ತಿಗಾಗಲಿ ಅಪಾಯ ತಂದ ಇಂಥ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ನೀಡಬಹುದು. ಕೇರಳ ಸರಕಾರ 2022ರಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರ ತನಕ ಇಳಿಸಿತು. ವಿಷ, ಸಿಡಿಮದ್ದು, ವಿದ್ಯುತ್ತನ್ನು ಬಳಸಕೂಡದೆಂಬ ನಿಬಂಧನೆಯನ್ನೂ ಹಾಕಿತು. 62ನೆಯ ಕಲಂ ಪ್ರಕಾರ ಕೇಂದ್ರ ಸರಕಾರ ನಿರ್ದಿಷ್ಟ ಪ್ರದೇಶಕ್ಕೆ, ನಿರ್ದಿಷ್ಟ ಅವಧಿಗೆ ಪ್ರಾಣಿಯೊಂದನ್ನು ಪೀಡೆಯೆಂದು ಘೋಷಿಸಬಹುದು. 2015ರ ಕೊನೆಗೆ ಬಿಹಾರದಲ್ಲೂ 2016ರಲ್ಲಿ ಉತ್ತರಾಖಂಡದಲ್ಲೂ ಕಾಡುಹಂದಿಯ ಬಗ್ಗೆ ಅಂಥ ಘೋಷಣೆಯಾಗಿತ್ತು. 11ನೆಯ ಕಲಂ ಪ್ರಕಾರ ಹೊಡೆದ ಹಂದಿ ಸರಕಾರದ ಸ್ವತ್ತು. ಅದರ ಮಾಂಸವನ್ನು ಪಾಲು ಹಾಕಿಕೊಳ್ಳುವಂತಿಲ್ಲ. ಈ ಒಂದು ನಿಯಮವೇ ಬೆಳೆ ಕಾಯಲು ಹೊರಟವರನ್ನೂ ಬಾಡಿಗಾಗಿ ಹೊರಟವರನ್ನೂ ಬೇರ್ಪಡಿಸುವ ಜರಡಿ.

ಮಾಂಸದ ಪಾಲಿನ ಬಗ್ಗೆ ಇನ್ನೊಂದು ಎಚ್ಚರಿಕೆ. ಆಫ್ರಿಕನ್ ಹಂದಿಜ್ವರ 2020ರಲ್ಲಿ ಈಶಾನ್ಯ ಭಾರತಕ್ಕೆ ಕಾಲಿಟ್ಟು 2022ರಲ್ಲಿ ನಮ್ಮ ನೆರೆಯ ವಯನಾಡಿನಲ್ಲೂ ಕಾಣಿಸಿಕೊಂಡಿತು. ಅದು ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಸಾಕುಹಂದಿಗಳನ್ನೂ ಕಾಡುಹಂದಿಗಳನ್ನೂ ಒಂದೇ ಸಮನೆ ಕೊಲ್ಲುತ್ತದೆ. ಕದ್ದು ಸಾಗಿಸಿದ ಮಾಂಸ, ರಕ್ತ ಮೆತ್ತಿದ ಬೂಟು, ಎಲ್ಲೆಂದರಲ್ಲಿ ಎಸೆದ ಕರುಳು ಇವೇ ಅದರ ವಾಹನ. ಹಂದಿ ಸಾಕಿ ಬದುಕುವ ಬಡಕುಟುಂಬಗಳು ಇದರ ಬೆಲೆ ತೆರಬೇಕಾಗುತ್ತದೆ.

ಹಾಗಾದರೆ ಯಾವ ಯೋಜನೆ?

ಬೇಟೆಗೆಂದು ಇಪ್ಪತ್ತು ಜನರನ್ನು ಒಂದುಗೂಡಿಸಬಲ್ಲ ಊರಿಗೆ ಬೆಳೆ ಕಾಯಲು ಇಪ್ಪತ್ತು ಜನರನ್ನು ಒಂದುಗೂಡಿಸುವುದು ಅಸಾಧ್ಯವಲ್ಲ. ಹಿಂದೆ ನಮ್ಮ ಹಿರಿಯರು ಸರದಿಯ ಮೇಲೆ ಮಾಳ ಕಾಯುತ್ತಿದ್ದರು. ಇಂದು ಮನೆಮನೆಯಲ್ಲಿ ಜನವಿಲ್ಲ, ಮಕ್ಕಳು ಪೇಟೆ ಸೇರಿದ್ದಾರೆ, ಗದ್ದೆಗಳ ನಡುನಡುವೆ ಪಾಳು ಬಿದ್ದ ತುಂಡುಗಳಲ್ಲಿ ಪೊದೆ ಬೆಳೆದು ಹಂದಿಗೆ ಹಗಲುಮನೆಯಾಗಿದೆ. ಆದ್ದರಿಂದ ಒಬ್ಬೊಬ್ಬನೇ ತನ್ನ ಗದ್ದೆಗೆ ಬೇಲಿ ಹಾಕಿದರೆ ಹಂದಿ ಪಕ್ಕದ ಗದ್ದೆಗೆ ಹೋಗುತ್ತದೆ. ಬಯಲಿನ ಎಲ್ಲ ಗದ್ದೆಗಳನ್ನೂ ಬಳಸಿಬರುವ ಒಂದೇ ಸೌರಬೇಲಿ, ಅದರ ಕೆಳತಂತಿಗೆ ತಗುಲುವ ಹುಲ್ಲನ್ನು ಸವರಲು ಸರದಿ, ಪಾಳುತುಂಡುಗಳ ಪೊದೆ ಸವರುವಿಕೆ, ಬಿತ್ತನೆಯನ್ನು ಒಟ್ಟಿಗೇ ಮುಗಿಸಿ ಕಾವಲಿನ ದಿನಗಳನ್ನು ಕಡಿಮೆ ಮಾಡಿಕೊಳ್ಳುವುದು, ಹೀಗೆ ಊರೊಟ್ಟಾಗಿ ಯೋಜಿಸಿದರೆ ಮಾತ್ರ ಫಲ. ಹೋಟೆಲು, ಕೋಳಿಯಂಗಡಿ, ರೆಸಾರ್ಟುಗಳ ಕಸವನ್ನು ಕಾಡಂಚಿಗೆ ಸುರಿಯುವುದನ್ನು ಪಂಚಾಯಿತಿ ತಡೆಯಬೇಕು. ಹಂದಿಯನ್ನು ಊರಿಗೆ ಕರೆಯುವ ಔತಣ ಅದೇ.

ವಿದ್ಯಾರ್ಥಿಗಳ ಪಾಲಿಗೂ ಕೆಲಸವಿದೆ. ಯಾವ ಗದ್ದೆಗೆ ಯಾವ ತಿಂಗಳು, ಯಾವ ದಾರಿಯಿಂದ ಎಷ್ಟು ಹಂದಿಗಳು ಬಂದವು, ಎಷ್ಟು ಗುಂಟೆ ಹಾಳಾಯಿತು, ಅರ್ಜಿ ಎಂದು ಕೊಟ್ಟರು, ಪರಿಹಾರ ಎಂದು ಬಂತು, ಇವನ್ನೆಲ್ಲ ಊರಿನ ನಕ್ಷೆಯ ಮೇಲೆ ಗುರುತಿಸಿ ಒಂದು ವರ್ಷ ದಾಖಲಿಸಲಿ. “ಹಂದಿ ಜಾಸ್ತಿಯಾಗಿದೆ” ಎಂಬ ಮಾತನ್ನು ಅಧಿಕಾರಿ ಕೇಳಿ ಮರೆಯಬಹುದು. ಗ್ರಾಮಸಭೆಯ ಠರಾವಿನೊಡನೆ ಬಂದ ವರ್ಷದ ಲೆಕ್ಕವನ್ನು ಮರೆಯಲಾಗದು. 11ನೆಯ ಕಲಂ ಪ್ರಕಾರ ಅನುಮತಿ ಕೇಳಬೇಕಾದ ಪ್ರಸಂಗ ಬಂದರೂ ಆಧಾರವಾಗುವುದು ಆ ಲೆಕ್ಕವೇ. ಆಗಲೂ ಗುರಿ ಗದ್ದೆಗೆ ರೂಢಿಬಿದ್ದ ಹಿಂಡು, ಸ್ಥಳ ಗದ್ದೆಯಂಚು, ಹೊಣೆ ಇಲಾಖೆಯದು. ಜಡ್ಡಿಯೊಳಗೆ ಸೋವು ನಡೆಸುವ ಮಾತು ಅಲ್ಲಿ ಬರಕೂಡದು.

ಸರಕಾರಕ್ಕೂ ನಾವು ಹೇಳಬೇಕಾದದ್ದಿದೆ. ಕಾಡುಪ್ರಾಣಿ ರಾಷ್ಟ್ರದ ಸಂಪತ್ತೆಂದಾದರೆ ಅದರ ಮೇವಿನ ಖರ್ಚನ್ನು ಕಾಡಂಚಿನ ಬಡರೈತನೊಬ್ಬನೇ ಹೊರುವುದು ಅನ್ಯಾಯ. ಬೆಳೆಹಾನಿಯ ಪರಿಹಾರ ಮುಂದಿನ ಬಿತ್ತನೆಯ ಮೊದಲು ಕೈಗೆ ಸಿಗಬೇಕು. ಗೇಣಿಗೆ ಉಳುವವನಿಗೂ ಅರಣ್ಯ ಹಕ್ಕಿನ ಅರ್ಜಿ ಇತ್ಯರ್ಥವಾಗದ ಸಾಗುವಳಿದಾರನಿಗೂ ಅದು ತಲುಪಬೇಕು. ಸಾಮೂಹಿಕ ಬೇಲಿಗೆ ಸಹಾಯಧನ ಹೆಚ್ಚಬೇಕು. ಇದನ್ನು ಮಾಡದೆ ಬೇಟೆಗಾರರ ಮೇಲೆ ಮೊಕದ್ದಮೆ ಹೂಡುವುದೊಂದೇ ಸಂರಕ್ಷಣೆಯೆಂದು ತಿಳಿದರೆ, ಕಾಡನ್ನು ಕಾಯಬೇಕಾದ ಜನರೇ ಕಾಡಿನ ವೈರಿಗಳಾಗುತ್ತಾರೆ.

ಪರದೆಯ ಮೇಲಿನ ಬೇಟೆಯಲ್ಲಿ ಹಂದಿ ಬೀಳುತ್ತದೆ, ಚಿತ್ರ ಮುಗಿಯುತ್ತದೆ. ನಮ್ಮ ಗದ್ದೆಯ ಕತೆ ಹಾಗೆ ಮುಗಿಯುವಂಥದ್ದಲ್ಲ. ಪ್ರತಿ ಮಳೆಗಾಲಕ್ಕೂ ಮತ್ತೆ ಆರಂಭವಾಗುತ್ತದೆ. ಮುಂದಿನ ಭತ್ತ ಹಾಲುಗಟ್ಟುವ ಮುನ್ನ ಪ್ರತಿ ಊರಿನಲ್ಲೂ ಒಂದು ಸಭೆ ಸೇರಲಿ. ಕೋವಿ ಯಾರ ಮನೆಯಲ್ಲಿದೆ ಎಂಬ ವಿಚಾರಣೆಯಿಂದ ಆ ಸಭೆ ಆರಂಭವಾಗದಿರಲಿ. ಬೇಲಿ ಎಲ್ಲಿಂದ ಎಲ್ಲಿಯ ತನಕ, ಕಾವಲಿನ ಸರದಿ ಯಾರದು, ಕಳೆದ ವರ್ಷದ ಪರಿಹಾರ ಯಾರಿಗೆ ಬಂದಿಲ್ಲ ಎಂಬ ಪ್ರಶ್ನೆಗಳಿಂದ ಆರಂಭವಾಗಲಿ. ಸಭೆಯ ತೀರ್ಮಾನಗಳನ್ನು ನಮಗೆ ಬರೆದು ಕಳುಹಿಸಿ. ಮುಂದಿನ ಸಂಚಿಕೆಗಳಲ್ಲಿ ಅವನ್ನು ಪ್ರಕಟಿಸುತ್ತೇವೆ. ಒಂದು ಊರಿನ ಅನುಭವ ಇನ್ನೊಂದು ಊರಿಗೆ ದಾರಿಯಾಗಲಿ.